14, 18, 22 ಇಂಚು: 15 ಜನರ ಹಿತ್ತಲ ಪಾರ್ಟಿಗೆ ಯಾವ ಸೈಜಿನ ಇದ್ದಿಲು ಸ್ಮೋಕರ್?

ನೇಪರ್ವಿಲ್_ಮನೆ

ನಮಸ್ಕಾರ ಎಲ್ಲರಿಗೂ. ಶಿಕಾಗೋ ಪಕ್ಕದ ನೇಪರ್ವಿಲ್‌ನಲ್ಲಿ ಮನೆ. ಹಿತ್ತಲಲ್ಲಿ ಮರದ ಡೆಕ್ಕು, ಅದರಿಂದಾಚೆ ಕಾಂಕ್ರೀಟ್ ಹಾಕಿದ ಸಣ್ಣ ಜಾಗ. ಇದ್ದಿಲಿನ ಸ್ಮೋಕರ್ (ಹೊಗೆಯಲ್ಲಿ ನಿಧಾನಕ್ಕೆ ಬೇಯಿಸೋ ಒಲೆ-ಡಬ್ಬಿ) ತಗೊಳ್ಳೋದು ಅಂತ ಗಟ್ಟಿಯಾಗಿದೆ, ಮರದ ಪುಡಿಯ ಗುಳಿಗೆ ಉರಿಸೋ ಪೆಲೆಟ್ಟು ಒಲೆ ಬೇಡ. ವೆಬರ್ ಕಂಪನಿಯ ಸ್ಮೋಕಿ ಮೌಂಟನ್ ಮಾಡೆಲ್ ಅಂತಲೂ ಹೆಚ್ಚುಕಡಿಮೆ ತೀರ್ಮಾನ ಆಗಿದೆ. ಸೈಜು ಮಾತ್ರ ಬಗೆಹರೀತಿಲ್ಲ.

ಮನೇಲಿ ನಾಲ್ಕು ಜನ. ತಿಂಗಳಿಗೊಮ್ಮೆ 12ರಿಂದ 15 ಜನ ಸೇರ್ತಾರೆ, ಬೇಸಿಗೇಲಿ ಒಂದೆರಡು ಸಲ 30 ಆಗುತ್ತೆ. ಅದರಲ್ಲಿ ನೂರಕ್ಕೆ ನಲವತ್ತು ಸಸ್ಯಾಹಾರಿಗಳು. ದನ, ಹಂದಿ ಮಾಡಲ್ಲ. ಕೋಳಿ, ಮೇಕೆ, ಆಗೀಗ ಕುರಿ, ಥ್ಯಾಂಕ್ಸ್‌ಗಿವಿಂಗ್‌ಗೆ ಒಂದು ಟರ್ಕಿ. ಬಜೆಟ್ ಎಲ್ಲ ಸೇರಿ 500 ಡಾಲರ್.

ಅಂಗಡಿಯಲ್ಲಿ 22 ಇಂಚಿಂದೇ ತಗೊಳ್ಳಿ, ಸಣ್ಣದು ತಗೊಂಡು ಆಮೇಲೆ ಕೈ ಹಿಸುಕಿಕೊಳ್ಳಬೇಡಿ ಅಂತಾರೆ. ನಿಜಾನಾ? ನವೆಂಬರ್-ಡಿಸೆಂಬರ್ ಚಳೀಲೂ ಬಳಸೋ ಆಸೆ ಇದೆ, ಅದನ್ನೂ ಲೆಕ್ಕಕ್ಕೆ ತಗೊಂಡು ಹೇಳಿ.

ಇದ್ದಿಲಪ್ಪ

18 ಇಂಚು ತಗೊಳ್ಳಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಪೆಟ್ಟಿಗೆ ಮೇಲಿನ ಚದರ ಇಂಚು ನೋಡಿ ಆರಿಸೋರೇ ಜಾಸ್ತಿ, ಆ ಲೆಕ್ಕ ದಾರಿ ತಪ್ಪಿಸುತ್ತೆ.

ವೆಬರ್ ಕೊಡೋ ಅಂಕಿ 14ಕ್ಕೆ 286, 18ಕ್ಕೆ 481, 22ಕ್ಕೆ 726 ಚದರ ಇಂಚು. ಇದು ಮೇಲೊಂದು ಕೆಳಗೊಂದು ಎರಡು ಜಾಲರಿ ಕೂಡಿಸಿದ ಮೊತ್ತ. 18ರ ಮೇಲಿನ ಜಾಲರಿ ಹದಿನೆಂಟೂವರೆ ಇಂಚು ಅಡ್ಡಳತೆ, ಅಂದ್ರೆ ಸುಮಾರು 269 ಚದರ ಇಂಚು. ಉಳಿದದ್ದು ಕೆಳಗಿನದು. ಕೆಳಗಿನ ಜಾಲರಿ ನೀರಿನ ಬೋಗುಣಿಯ ನೆತ್ತಿ ಮೇಲೇ ಕೂತಿರುತ್ತೆ. ಅಲ್ಲಿರೋ ತುಂಡನ್ನ ತಿರುಗಿಸಬೇಕು, ಸವರಬೇಕು ಅಂದ್ರೆ ಮೇಲಿನ ಜಾಲರಿಯನ್ನ ಮಾಂಸದ ಸಮೇತ ಎತ್ತಿ ಪಕ್ಕಕ್ಕಿಡಬೇಕು. ಹಾಗಾಗಿ ದಿನನಿತ್ಯದ ಬಳಕೆಗೆ ಮೇಲಿನ ಜಾಲರಿಯಷ್ಟನ್ನೇ ನಿಮ್ಮದು ಅಂದ್ಕೊಳ್ಳಿ, ಕೆಳಗಿನದು ದೊಡ್ಡ ಪಾರ್ಟಿಗೆ ಮೀಸಲು.

ಈಗ ಜನರ ಲೆಕ್ಕ. ಅನ್ನ, ಪಲ್ಯ, ಕೋಸಂಬರಿ ಜೊತೆಗೆ ತಿನ್ನೋರಿಗೆ ತಲೆಗೆ 150 ಗ್ರಾಂ ಬೆಂದ ಮಾಂಸ ಧಾರಾಳ ಆಯ್ತು. 15 ಜನರಲ್ಲಿ ತಿನ್ನೋರು 9, ಅಂದ್ರೆ 1350 ಗ್ರಾಂ. ಮೂಳೆ ಸಮೇತದ ಮಾಂಸ ಹೊಗೆಯಲ್ಲಿ ಬೆಂದು, ನೀರು-ಕೊಬ್ಬು ಇಳಿದು, ಮೂಳೆ ತೆಗೆದ ಮೇಲೆ ಹಸಿ ತೂಕದ ಅರ್ಧಕ್ಕಿಂತ ಸ್ವಲ್ಪ ಕಮ್ಮಿಯೇ ಉಳಿಯುತ್ತೆ. 45% ಅಂತ ಹಿಡೀರಿ. ಹಾಗಾದ್ರೆ ಬೇಕಾಗೋದು 3 ಕಿಲೋ ಹಸಿ ಮಾಂಸ. ಬೆನ್ನೆಲುಬು ಕತ್ತರಿಸಿ ಚಪ್ಪಟೆ ಮಾಡಿದ 4 ಪೌಂಡಿನ ಎರಡು ಕೋಳಿಯೇ ಮೂರೂವರೆ ಕಿಲೋಗಿಂತ ಜಾಸ್ತಿ, ಅವೆರಡೂ 18ರ ಒಂದೇ ಜಾಲರಿಯಲ್ಲಿ ಕೂರುತ್ವೆ. 30 ಜನರ ದಿನ ತಿನ್ನೋರು 18, ಹಸಿ ಮಾಂಸ 6 ಕಿಲೋ. ಮೇಲೆ ಎರಡು ಕೋಳಿ, ಕೆಳಗೆ ಒಂದು ಮೇಕೆ ಭುಜ, ಪಕ್ಕದಲ್ಲಿ ಏಳೆಂಟು ಕೋಳಿತೊಡೆ. ಮುಗೀತು.

22 ಇಂಚಿನದು ನಿಜವಾಗಿ ಬೇಕಾಗೋದು ಉದ್ದದ ತುಂಡುಗಳಿಗೆ. ಹಂದಿ ಪಕ್ಕೆಲುಬಿನ ಇಡೀ ಪಟ್ಟಿ, ದನದ ಇಡೀ ಬ್ರಿಸ್ಕೆಟ್ (ಎದೆಭಾಗದ ಮಾಂಸ) 18ರಲ್ಲಿ ಮಡಚದೆ, ಕತ್ತರಿಸದೆ ಕೂರಲ್ಲ. ಅಮೆರಿಕದವರು ದೊಡ್ಡದು ತಗೊಳ್ಳಿ ಅನ್ನೋದು ಈ ಕಾರಣಕ್ಕೆ. ನಿಮ್ಮ ಪಟ್ಟಿಯಲ್ಲಿ ಅವೆರಡೂ ಇಲ್ಲ. ಮೇಕೆ ಕಾಲಿನ ತುದಿ ಮೂಳೆ ಮಾತ್ರ ಉದ್ದ ಬರಬಹುದು. ಕಟುಕರ ಹತ್ತಿರವೇ ಆ ಗಿಣ್ಣು ಸೀಳಿಸಿಕೊಂಡು ಬಂದ್ರೆ ಮಡಚಿಡಬಹುದು. 12-14 ಪೌಂಡಿನ ಟರ್ಕಿ 18ರ ಮೇಲಿನ ಜಾಲರಿಯಲ್ಲಿ ಆರಾಮಾಗಿ ಕೂರುತ್ತೆ.

ಇದ್ದಿಲಿನ ಖರ್ಚು ಇನ್ನೊಂದು. 18ರ ಇದ್ದಿಲು ಬಳೆಗೆ (ಇದ್ದಿಲು ತುಂಬೋ ದುಂಡನೆ ತಗಡು) 16 ಪೌಂಡಿನ ಒಂದು ಚೀಲ ಹೆಚ್ಚುಕಡಿಮೆ ಪೂರ್ತಿ ಹಿಡಿಯುತ್ತೆ. 225-250 ಡಿಗ್ರಿಯಲ್ಲಿ (ನಾನು ಹೇಳೋದೆಲ್ಲ ಫ್ಯಾರನ್‌ಹೀಟ್) ಒಳ್ಳೆ ಹವೆ ಇದ್ದಾಗ ಗಂಟೆಗೆ ಸುಮಾರು ಒಂದು ಪೌಂಡ್ ಉರಿಯುತ್ತೆ, ಚಳಿ-ಗಾಳಿ ಇದ್ರೆ ಒಂದೂವರೆ ಅಂತ ಇಟ್ಕೊಳ್ಳಿ. 22ರಲ್ಲಿ ಒಂದೇ ಒಂದು ಕೋಳಿ ಇಟ್ಟರೂ ಇಡೀ ಡಬ್ಬಿ ಕಾಯಿಸಲೇಬೇಕು, ನಾಲ್ಕು ಜನರ ಭಾನುವಾರಕ್ಕೂ ಆ ಇದ್ದಿಲು ಸುರೀಬೇಕು. ಆಮೇಲೆ ಅದು ಮೂಲೆ ಸೇರುತ್ತೆ. ತೂಕದಲ್ಲೂ 18 ಸುಮಾರು 39 ಪೌಂಡ್, 22 ಸುಮಾರು 68. ಚಳಿಗಾಲದಲ್ಲಿ ಗ್ಯಾರೇಜಿಗೆ ಎತ್ತಿಡೋರಿಗೆ ಈ ವ್ಯತ್ಯಾಸ ಸಣ್ಣದಲ್ಲ.

14ರ ತೊಂದರೆ ಜಾಗ ಅಲ್ಲ, ಒಲೆ. ಇದ್ದಿಲು ಬಳೆ ಚಿಕ್ಕದು, ಆರು ಗಂಟೆ ದಾಟಿದ್ರೆ ಬಾಗಿಲು ತೆಗೆದು ಮತ್ತೆ ಇದ್ದಿಲು ಹಾಕೋದು ಶುರು. ಒಂದು ಕೋಳಿ, ನಾಲ್ಕು ಜನ ಅಂದ್ರೆ ಮುದ್ದಾದ ಒಲೆ. ಮೇಕೆ ಭುಜಕ್ಕೆ, ಇಲಿನಾಯ್ ಗಾಳಿಗೆ ಅಲ್ಲ.

ಚಳಿಗಿಂತ ಗಾಳಿ ದೊಡ್ಡ ಶತ್ರು. ಹೊರಗೆ 25 ಡಿಗ್ರಿ ಇದ್ದು ಗಾಳಿ ಇಲ್ಲದಿದ್ರೆ ಸ್ಮೋಕಿ ಮೌಂಟನ್ ಸುಮ್ಮನೆ ನಡೆಯುತ್ತೆ. ಗಾಳಿ ಒಂದು ಕಡೆಯಿಂದ ಹೊಡೆದ್ರೆ ಆ ಕಡೆಯ ಕೆಳ ವೆಂಟಿನಿಂದ (ಗಾಳಿಕಿಂಡಿ) ಊದಿದ ಹಾಗಾಗಿ ಒಂದು ಬದಿಯ ಇದ್ದಿಲು ಹತ್ತಿಕೊಳ್ಳುತ್ತೆ, ಮೇಲೆ ತಗಡು ತಣ್ಣಗಾಗ್ತಾ ಇರುತ್ತೆ. ಗಾಳಿ ಕಡೆಯ ವೆಂಟ್ ಪೂರ್ತಿ ಮುಚ್ಚಿ ಉಳಿದ ಎರಡರಲ್ಲಿ ನಡೆಸಿ. ಮೂರಡಿ ದೂರದಲ್ಲಿ ತಗಡಿನ ತಡೆ ನಿಲ್ಲಿಸಿದ್ರೆ ಅರ್ಧ ಸಮಸ್ಯೆ ಹೋಯ್ತು.

ಹುಬ್ಳಿ_ಟು_ಡಲ್ಲಾಸ್

ಇದ್ದಿಲಪ್ಪ ಅವರ ಲೆಕ್ಕ ಖರೆ ಐತ್ರಿ, ಆದ್ರ ಒಂದ್ ಮಾತಿಗೆ ನಾ ಒಪ್ಪಂಗಿಲ್ಲ. ಬರೇ ಕೋಳಿ ಹೆಚ್ಚು ಮಾಡೋರಿಗೆ ಸ್ಮೋಕರ್ ಯಾಕ್ರಿ? 22 ಇಂಚಿನ ವೆಬರ್ ಕೆಟಲ್ (ದುಂಡನ್ನ ಮುಚ್ಚಳದ ಇದ್ದಿಲು ಗ್ರಿಲ್) ತಗೊಂಡ್ರ ಸುಡೂದೂ ಆತು, ಹೊಗಿ ಹಾಕೂದೂ ಆತು, ರೊಕ್ಕಾನೂ ಉಳೀತು.

ಕೆಟಲ್‌ನ್ಯಾಗ ಹೊಗಿ ಹಾಕೂದು ಹಿಂಗ. ಅಂಚಿಗುಂಟ ಬ್ರಿಕೆಟ್ (ಅಚ್ಚು ಹಾಕಿದ ಇದ್ದಿಲು ಉಂಡಿ) ಎರಡೆರಡು ಜೋಡಿಸ್ರಿ, ಅದರ ಮ್ಯಾಲ ಮತ್ತ ಎರಡೆರಡು. ಸುತ್ತಿನ ಮುಕ್ಕಾಲು ಭಾಗ ಬಂದ ಮ್ಯಾಲ ನಿಲ್ಲಸ್ರಿ, ತುದಿ-ತುದಿ ಕೂಡಬಾರದು. ಮ್ಯಾಲ ಮೊದಲ ಅರ್ಧದಾಗ ನಾಕೈದು ಕಟಗಿ ತುಂಡು. ಒಂದ್ ತುದಿಗೆ ಹತ್ತ-ಹನ್ನೆರಡು ಕೆಂಡ ಇಟ್ರ ಹಾವಿನ ಹಂಗ ನಿಧಾನಕ್ಕ ಉರಕೋತ ಹೋಗ್ತದ. ನಡುವ ಅಲ್ಯುಮಿನಿಯಂ ಟ್ರೇದಾಗ ನೀರು. ಏಳೆಂಟು ತಾಸು ಕೈ ಹಚ್ಚೂದು ಬ್ಯಾಡ.

ಕೊರತಿನೂ ಹೇಳ್ತೀನಿ. ಜಾಲರಿ 363 ಚದರ ಇಂಚು ಅಂತಾರ, ಖರೆ, ಆದ್ರ ಸುತ್ತ ಬೆಂಕಿ ಇರೂದ್ರಿಂದ ಮಾಂಸ ಇಡಾಕ ನಡುವಿನ ಜಾಗ ಅಷ್ಟ. ದೊಡ್ಡ ಭುಜ ಒಂದು, ಇಲ್ಲಾಂದ್ರ ಸಣ್ಣ ಕೋಳಿ ಎರಡು. 30 ಮಂದಿಗೆ ಆಗಂಗಿಲ್ಲ.

ಮತ್ತ ಅಗ್ಗದ ಆಫ್‌ಸೆಟ್ ಕಡೆ ಹೋಗಬ್ಯಾಡ್ರಿ. ಪಕ್ಕಕ್ಕ ಬೆಂಕಿಪೆಟ್ಟಿಗಿ ಇರೋ ಅಡ್ಡ ಪೀಪಾಯಿ, ನೋಡಾಕ ಭಾರಿ ಛಂದ. ಅಲ್ಲೂ ಅಂಕಿ ಆಟ ನಡೀತದ: ಓಕ್ಲಹೋಮಾ ಜೋಸ್ ಹೈಲ್ಯಾಂಡ್ 900 ಚದರ ಇಂಚು ಅಂತದ, ಅದರಾಗ 281 ಬೆಂಕಿಪೆಟ್ಟಿಗಿ ಮ್ಯಾಲಿನ ಜಾಲರಿದು. ಹೊಗಿಗೆ ಸಿಗೂದು 619. ಅದರಾಗೂ ಬೆಂಕಿ ಕಡೆ ಒಂದು ಗೇಣು ಜಾಗ ಕರಕಾಗ್ತದ. ತೆಳು ತಗಡಿನ ಆಫ್‌ಸೆಟ್ ಬಾಗಲಾಗಿಂದ, ಸಂದಿಯಾಗಿಂದ ಹೊಗಿ ಬಿಡ್ತದ, ಅರ್ಧ-ಮುಕ್ಕಾಲು ತಾಸಿಗೊಮ್ಮೆ ಕಟಗಿ ಹಾಕಬೇಕು. ಟೆಕ್ಸಾಸ್ ಮಂದಿ ಕಾಲಿಂಚು ದಪ್ಪದ ಉಕ್ಕಿನ್ಯಾಗ ಮಾಡ್ತಾರ, ಅದರ ರೊಕ್ಕ ನಿಮ್ಮ ಬಜೆಟ್ಟಿನ್ಯಾಗ ಕೂಡೂದಲ್ಲ.

ಕಮಾಡೊ ಅಂದ್ರ ದಪ್ಪ ಸೆರಾಮಿಕ್ ಒಲಿ, ಅದೂ ಅಷ್ಟ. ಬಿಗ್ ಗ್ರೀನ್ ಎಗ್ ಲಾರ್ಜ್ ಅಂದ್ರ ಹದಿನೆಂಟೂಕಾಲು ಇಂಚು, 262 ಚದರ ಇಂಚು, 162 ಪೌಂಡ್ ತೂಕ. ಇದ್ದಿಲು ಭಾಳ ಕಡಿಮಿ ತಿಂತದ, ಚಳಿ ಅದಕ್ಕ ಲೆಕ್ಕಕ್ಕಿಲ್ಲ. ರೊಕ್ಕ ಕೇಳಿದ್ರ ಮೈ ಬಿಸಿ ಆಗ್ತದ.

ನೇಪರ್ವಿಲ್_ಮನೆ

ಇಬ್ಬರಿಗೂ ಥ್ಯಾಂಕ್ಸ್. ಒಂದು ವಿಷಯ ಹೇಳೋದು ಬಿಟ್ಟಿದ್ದೆ: ಮೂರು ಬರ್ನರಿನ ಗ್ಯಾಸ್ ಗ್ರಿಲ್ ಈಗಾಗಲೇ ಇದೆ. ಅದಿರುವಾಗ ಕೆಟಲ್ ಬೇಕಾ?

ಇನ್ನೆರಡು ಪ್ರಶ್ನೆ. ಸ್ಮೋಕರಿನಲ್ಲಿ ಕೋಳಿ ಚರ್ಮ ರಬ್ಬರಿನ ಹಾಗಾಗುತ್ತೆ ಅಂತ ಕೇಳಿದ್ದೀನಿ, 18ರಲ್ಲೂ ಹಾಗೇನಾ? ಸಸ್ಯಾಹಾರಿಗಳಿಗೆ ಅದೇ ಡಬ್ಬೀಲಿ ಪನೀರ್ ಮಾಡಬಹುದಾ, ಇಲ್ಲಾ ಅದಕ್ಕೇ ಒಂದು 14 ಬೇರೆ ತಗೋಬೇಕಾ?

ಇದ್ದಿಲಪ್ಪ

ಗ್ಯಾಸ್ ಗ್ರಿಲ್ ಇದೆ ಅಂದ ಮೇಲೆ ಕೆಟಲ್ ಬೇಡ, 18 ಸಾಕು. ಹುಬ್ಳಿಯವರು ಹೇಳಿದ ಸುಡೋ ಕೆಲಸ ಗ್ಯಾಸಿನ ಮೇಲೆ ಆಗುತ್ತೆ.

ರಬ್ಬರ್ ಚರ್ಮಕ್ಕೆ ಕಾರಣ ಶಾಖ ಕಮ್ಮಿ, ತೇವ ಜಾಸ್ತಿ. 225ರಲ್ಲಿ ನೀರಿನ ಬೋಗುಣಿ ತುಂಬಿಸಿ ಕೋಳಿ ಬೇಯಿಸಿದ್ರೆ ಚರ್ಮದ ಕೆಳಗಿನ ಕೊಬ್ಬು ಕರಗೋ ಮೊದಲೇ ಎದೆ 165 ಮುಟ್ಟಿಬಿಡುತ್ತೆ. ಕೋಳಿಗೆ ಬೇಕಾದ್ದು 300ರಿಂದ 325. ಇಲ್ಲಿ ಸೈಜಿನ ಮಾತು ಮತ್ತೆ ಬರುತ್ತೆ. 18ರಲ್ಲಿ ಒಂದು ಚಿಮ್ನಿ (ಇದ್ದಿಲು ಹೊತ್ತಿಸೋ ಕೊಳವೆ ಡಬ್ಬಿ) ತುಂಬ ಹಸಿ, ಅಂದ್ರೆ ಹೊತ್ತಿಸದ, ಬ್ರಿಕೆಟ್ ಸುರಿದು, ಅದರ ಮೇಲೆ ಒಂದು ಚಿಮ್ನಿ ಪೂರ್ತಿ ಹೊತ್ತಿದ ಕೆಂಡ ಸುರಿದು, ಬೋಗುಣಿಗೆ ಫಾಯಿಲ್ ಹಾಸಿ ನೀರಿಲ್ಲದೆ ಇಟ್ಟು, ಎಲ್ಲ ವೆಂಟ್ ತೆಗೆದ್ರೆ 325 ಸುಲಭವಾಗಿ ಬರುತ್ತೆ. 22ನ್ನ ಅಲ್ಲಿಗೆ ಏರಿಸೋಕೆ ಇದ್ದಿಲು ಬಹಳ ಜಾಸ್ತಿ ಬೇಕು.

ಚಪ್ಪಟೆ ಮಾಡಿದ ಕೋಳಿಗೆ ಹಿಂದಿನ ರಾತ್ರಿಯೇ ಪೌಂಡಿಗೆ 5-6 ಗ್ರಾಂ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡಿ. ಚರ್ಮ ಒಣಗಿ ಕಾಗದದ ಹಾಗೆ ಬಿಗಿಯಾಗುತ್ತೆ, ಅದೇ ಬೇಕಾದ್ದು. ಮೊಸರಿನ ಮಸಾಲೆ ಹಚ್ಚೋದಾದ್ರೆ ಚರ್ಮ ತೆಗೆದೇ ಬೇಯಿಸಿ. ಮೊಸರು ಹಚ್ಚಿದ ಚರ್ಮ ಸ್ಮೋಕರಿನಲ್ಲಿ ಗರಿಯಾಗೋದು ಕಷ್ಟ. ಸೇಬಿನ ಮರದ ಒಂದೆರಡು ತುಂಡು ಸಾಕು. ಮುಷ್ಟಿ ಗಾತ್ರದ್ದು ಇರಲಿ, ನೀರಲ್ಲಿ ನೆನೆಸಬೇಡಿ. ನೆನೆಸಿದ್ರೆ ಆ ನೀರು ಆರೋ ತನಕ ಬರೀ ಹಬೆ. 4 ಪೌಂಡಿನ ಕೋಳಿ ಒಂದೂಕಾಲು ಗಂಟೆ ಸುಮಾರಿಗೆ ಆಗುತ್ತೆ, ಆದ್ರೆ ಗಡಿಯಾರ ನಂಬಬೇಡಿ: ಎದೆಯ ದಪ್ಪ ಭಾಗ 165, ತೊಡೆ 175 ದಾಟಲಿ. ಕೊನೇಲಿ ಚರ್ಮ ಇನ್ನೂ ಮೆತ್ತಗಿದ್ರೆ ಗ್ಯಾಸ್ ಗ್ರಿಲ್ ಮೇಲೆ ಮಗುಚಿ ಮೂರು ನಿಮಿಷ.

ಮೇಕೆಗೆ ಬೇರೆ ಉರಿ. ಇಲ್ಲಿ ಮಿನಿಯನ್ ವಿಧಾನ, ಜಿಮ್ ಮಿನಿಯನ್ ಅನ್ನೋರ ಹೆಸರಿನದು. ಬಳೆ ತುಂಬ ಹಸಿ ಬ್ರಿಕೆಟ್ ಹಾಕಿ, ನಡುನಡುವೆ ಮೂರ್ನಾಲ್ಕು ಮರದ ತುಂಡು ಹೂತಿಡಿ. ಮಧ್ಯದಲ್ಲಿ ಸಣ್ಣ ಗುಳಿ ಮಾಡಿ 15-20 ಹೊತ್ತಿದ ಬ್ರಿಕೆಟ್ ಸುರೀರಿ. ಬೋಗುಣಿಗೆ ಬಿಸಿನೀರು, ತಣ್ಣೀರು ಹಾಕಿದ್ರೆ ಅದು ಕಾಯೋದ್ರಲ್ಲೇ ಮುಕ್ಕಾಲು ಗಂಟೆ ಹೋಗುತ್ತೆ. ಮೇಲಿನ ವೆಂಟ್ ಕೊನೇವರೆಗೂ ಪೂರ್ತಿ ತೆರೆದಿರಲಿ. ಕೆಳಗಿನ ಮೂರನ್ನೂ ತೆರೆದು, ಶಾಖ 200 ಮುಟ್ಟಿದ ಕೂಡಲೇ ಕಾಲು ಭಾಗಕ್ಕೆ ಇಳಿಸಿ. 240 ಬರಲಿ ಆಮೇಲೆ ಮುಚ್ಚೋಣ ಅಂತ ಕಾದ್ರೆ 290ಕ್ಕೆ ಹೋಗಿ ನಿಲ್ಲುತ್ತೆ. ವೆಂಟ್ ತಿರುಗಿಸಿದ ಪರಿಣಾಮ ಕಾಣೋಕೆ 20 ನಿಮಿಷ ಬೇಕು. ಐದೈದು ನಿಮಿಷಕ್ಕೆ ತಿರುಗಿಸ್ತಾ ಕೂತ್ರೆ ಮುಳ್ಳು ಮೇಲೆ-ಕೆಳಗೆ ಕುಣಿಯುತ್ತೆ. ಶಾಖ ಜಾಸ್ತಿ ಆಯ್ತು ಅಂತ ಮುಚ್ಚಳ ತೆಗೆಯೋದು ಎಲ್ಲಕ್ಕಿಂತ ಕೆಟ್ಟದ್ದು, ಗಾಳಿ ನುಗ್ಗಿ ಉಳಿದ ಇದ್ದಿಲೂ ಹತ್ತಿಕೊಳ್ಳುತ್ತೆ.

ಬಿಳಿ ದಟ್ಟ ಹೊಗೆ ಬರುವಾಗ ಮಾಂಸ ಇಡಬೇಡಿ, ಕಹಿ ಕೂರುತ್ತೆ. ಹೊಗೆ ತೆಳ್ಳಗೆ, ಕಂಡೂ ಕಾಣದ ಹಾಗೆ ನೀಲಿಯಾದ ಮೇಲೆ ಇಡಿ.

ಮೂಳೆ ಸಮೇತದ 4-5 ಪೌಂಡ್ ಭುಜವನ್ನೇ ತಗೊಳ್ಳಿ, ಕಾಲಲ್ಲ. ಹಲಾಲ್ ಅಂಗಡಿಗಳಲ್ಲಿ ಕೇಳೋ ಮೊದಲೇ ಸಾರಿನ ತುಂಡಾಗಿ ಕಡಿದುಬಿಡ್ತಾರೆ, ಇಡೀ ಭುಜ ಬೇಕು ಅಂತ ಮುಂಚೆಯೇ ಹೇಳಿಡಿ. ಮೇಕೆಯಲ್ಲಿ ಕೊಬ್ಬು ಕಮ್ಮಿ. 250-265ರಲ್ಲಿ ಮೂರು ಗಂಟೆ ಹೊಗೆ ಕುಡಿಸಿ, ಒಳಗೆ 160-165 ಆದಾಗ ಶಾಖ ಮೇಲೇರದೆ ನಿಂತುಬಿಡುತ್ತೆ. ಮೇಲ್ಮೈ ನೀರು ಆವಿಯಾಗ್ತಾ ಮಾಂಸವನ್ನ ತಣ್ಣಗಿಡೋದ್ರಿಂದ ಹಾಗೆ. ಒಲೆ ಕೆಟ್ಟಿಲ್ಲ, ಇದ್ದಿಲು ಸುರಿಯಬೇಡಿ. ಆಗ ಅರ್ಧ ಲೋಟ ಸ್ಟಾಕು, ಒಂದು ಚಮಚ ತುಪ್ಪ ಹಾಕಿ ಎರಡು ಪದರ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ. 195-203 ಬಂದಾಗ ಭುಜದ ಚಪ್ಪಟೆ ಮೂಳೆಯನ್ನ ಎರಡು ಬೆರಳಲ್ಲಿ ಹಿಡಿದು ತಿರುವಿದ್ರೆ ಬಿಟ್ಟುಕೊಂಡು ಬರಬೇಕು. ಬರದಿದ್ರೆ ಇನ್ನೂ ಅರ್ಧ ಗಂಟೆ. ಒಟ್ಟು ಐದಾರು ಗಂಟೆ, ಮೇಲೆ ಮುಚ್ಚಿಟ್ಟು 40 ನಿಮಿಷ. 14 ಇಲ್ಲಿ ಯಾಕೆ ಸೋಲುತ್ತೆ ಅಂತ ಈಗ ಗೊತ್ತಾಗಿರಬೇಕು.

ಪನೀರ್_ಪಕ್ಷ

ಸಸ್ಯಾಹಾರಿಗಳ ಪರವಾಗಿ ನಾನು ಬರೆಯುತ್ತೇನೆ. ಪನೀರಿಗಾಗಿ ಇನ್ನೊಂದು ಸ್ಮೋಕರ್ ಕೊಳ್ಳುವುದು ದುಂದು. ಆದರೆ ಬಡಿಸುವ ಮುನ್ನ ಬರುವವರನ್ನು ಒಂದು ಮಾತು ಕೇಳಿ: ಮಾಂಸ ಬೆಂದ ಡಬ್ಬಿಯ ಹೊಗೆ ಆಗುತ್ತದೆಯೋ ಇಲ್ಲವೋ? ಮೇಲಿನ ಜಾಲರಿಯಲ್ಲಿ ಪನೀರ್, ಕೆಳಗಿನದರಲ್ಲಿ ಕೋಳಿ ಇಟ್ಟರೆ ತೊಟ್ಟಿಕ್ಕುವುದೇನೋ ಇಲ್ಲ, ಆದರೆ ಕೋಳಿಯ ಕೊಬ್ಬು ಬೋಗುಣಿಗೆ ಬಿದ್ದು ಏಳುವ ಆವಿ ಮೇಲಕ್ಕೇ ಬರುತ್ತದೆ. ಮಡಿಯಲ್ಲದ ಸಸ್ಯಾಹಾರಿಗಳೂ ಹಲವರು ಇದನ್ನು ಒಪ್ಪುವುದಿಲ್ಲ. ಎಷ್ಟೇ ತಿಕ್ಕಿದರೂ ಮುಚ್ಚಳದ ಒಳಗಿನ ಜಿಡ್ಡು ಪೂರ್ತಿ ಹೋಗುವುದಿಲ್ಲ.

ಒಪ್ಪುವವರಾದರೆ ಸರದಿ ಹೀಗಿರಲಿ. ಒಂದು ಜಾಲರಿ ಬೇರೆ ಕೊಂಡು ಸಸ್ಯಾಹಾರಕ್ಕೇ ಮೀಸಲಿಡಿ, ಹಿಡಿಗೆ ಹಸಿರು ತಂತಿ ಸುತ್ತಿದರೆ ಗುರುತು ಸಿಗುತ್ತದೆ. ಬೆಂಕಿ ಹದಕ್ಕೆ ಬಂದ ಕೂಡಲೇ ಮೊದಲು ಪನೀರ್, ಆಮೇಲೆ ಮಾಂಸ. ಪನೀರ್ ಹೊಗೆಯನ್ನು ಬಹಳ ಬೇಗ ಹೀರುತ್ತದೆ. 225 ಡಿಗ್ರಿಯಲ್ಲಿ 25-30 ನಿಮಿಷ ಸಾಕು, ಒಂದು ಗಂಟೆ ಬಿಟ್ಟರೆ ಸಿಗರೇಟು ಬೂದಿಯ ರುಚಿ. ಒಂದಿಂಚು ದಪ್ಪದ ಇಡೀ ಹಲಗೆಗಳಾಗಿಯೇ ಇಡಿ, ಎಣ್ಣೆ ಸವರಿ. ಘನಗಳಾಗಿ ಕತ್ತರಿಸಿ ಇಟ್ಟರೆ ಅಂಚು ಒಣಗಿ ತೊಗಲಾಗುತ್ತದೆ. ಹೊಗೆ ಆದ ಮೇಲೆ ಕತ್ತರಿಸಿ, ಮಸಾಲೆ ಹಚ್ಚಿ, ಗ್ಯಾಸ್ ಗ್ರಿಲ್ ಮೇಲೆ ಬಣ್ಣ ಬರಿಸಿ.

ಬದನೆಕಾಯಿ ಇದಕ್ಕಿಂತ ಸೊಗಸು. ಎಣ್ಣೆಗಾಯಿಗಲ್ಲ, ಗೊಜ್ಜಿಗೆ: ದೊಡ್ಡ ಬದನೆಗೆ ನಾಲ್ಕೈದು ಕಡೆ ಚುಚ್ಚಿ 275ರಲ್ಲಿ ಒಂದೂವರೆ ಗಂಟೆ, ತೊಟ್ಟಿನ ಬುಡ ಒತ್ತಿದರೆ ಕುಸಿಯಬೇಕು.

ಒಪ್ಪದವರಿಗೆ ಗ್ಯಾಸ್ ಗ್ರಿಲ್ಲನ್ನೇ ಪೂರ್ತಿ ಸಸ್ಯಾಹಾರಕ್ಕೆ ಬಿಟ್ಟುಕೊಡಿ. ಅದಕ್ಕೆ ಮುಂಚೆ ಅಲ್ಲಿ ಮಾಂಸ ಬೆಂದಿದ್ದರೆ ಜಾಲರಿ ಬದಲಿಸಿ. ಆಗ ಇದ್ದಿಲಪ್ಪನವರು ಹೇಳಿದ ಹಾಗೆ ಕೊನೆಯಲ್ಲಿ ಕೋಳಿಯನ್ನು ಅದರ ಮೇಲೆ ಮಗುಚುವ ಹಾಗಿಲ್ಲ, ಚರ್ಮವನ್ನು ಸ್ಮೋಕರಿನಲ್ಲೇ ಗರಿ ಮಾಡಿಕೊಳ್ಳಬೇಕು.

ಡ್ರಮ್ಮು_ಬೆಂಗ್ಳೂರು

ಬೆಂಗಳೂರಿನಿಂದ ಓದುತ್ತಿರುವವರಿಗೆ ಒಂದು ಸೇರಿಸ್ತೀನಿ. ಇಲ್ಲಿ 200 ಲೀಟರಿನ ಡ್ರಮ್ಮೇ ಸ್ಮೋಕರ್. ಒಳ ಅಡ್ಡಳತೆ ಸುಮಾರು 57 ಸೆಂಟಿಮೀಟರ್, ಅಂದ್ರೆ 22 ಇಂಚಿನ ಸ್ಮೋಕಿ ಮೌಂಟನ್‌ನಷ್ಟೇ ಜಾಲರಿ. ನಾಲ್ಕು ಜನರ ಮನೆಗೆ ದೊಡ್ಡದೇ, ಆದ್ರೆ ಡ್ರಮ್ಮಿನಲ್ಲಿ ಇದ್ದಿಲು ಬುಟ್ಟಿಯನ್ನ ಬೇಕಾದ ಸೈಜಿಗೆ ಕಟ್ಟಿಸಬಹುದು, ಅದೇ ಅನುಕೂಲ. 30-35 ಸೆಂಟಿಮೀಟರ್ ಅಗಲದ ಬುಟ್ಟಿ, ಎಕ್ಸ್‌ಪ್ಯಾಂಡೆಡ್ ಮೆಟಲ್ ಜಾಲಿಯಿಂದ, ಬೂದಿ ಕೆಳಗೆ ಬೀಳೋಕೆ ನಾಲ್ಕು ಇಂಚಿನ ಕಾಲು. ಬುಡದಿಂದ ಎರಡು ಇಂಚು ಮೇಲೆ ಮುಕ್ಕಾಲು ಇಂಚಿನ ನಾಲ್ಕು ತೂತು, ಒಂದಕ್ಕೆ ಬಾಲ್ ವಾಲ್ವ್, ಉಳಿದವಕ್ಕೆ ಮುಚ್ಚಳ. ಬುಟ್ಟಿಯ ಮೇಲ್ಭಾಗದಿಂದ ಜಾಲರಿಗೆ ಕನಿಷ್ಠ 18 ಇಂಚು ಬಿಡಿ. ಇದರಲ್ಲಿ ನಡುವೆ ನೀರಿನ ಬೋಗುಣಿ ಇರಲ್ಲ, ಕೊಬ್ಬು ನೇರ ಕೆಂಡಕ್ಕೆ ಬೀಳುತ್ತೆ; ಹತ್ತಿರ ಇಟ್ಟರೆ ತಳ ಸೀದು ಹೋಗುತ್ತೆ.

ಡ್ರಮ್ಮು ಕೊಳ್ಳುವಾಗ ಒಳಗೆ ಕೆಂಪು ಅಥವಾ ಕಂದು ಲೇಪ ಇದೆಯಾ ನೋಡಿ. ಇದ್ರೆ ಸೌದೆ ಹಾಕಿ ಕೆಂಪಗೆ ಕಾಯಿಸಿ ಸುಟ್ಟು, ತಂತಿ ಬ್ರಷ್ಷಿನಲ್ಲಿ ಉಜ್ಜಿ ಬರೀ ಕಬ್ಬಿಣ ಕಾಣೋವರೆಗೂ ತೆಗೀಬೇಕು. ರಾಸಾಯನಿಕ ತುಂಬಿದ್ದ ಡ್ರಮ್ಮು ಬೇಡವೇ ಬೇಡ. ಗ್ಯಾಲ್ವನೈಸ್ಡ್ ಜಾಲಿ, ಪೈಪು ಒಳಗೆ ಬಳಸಬೇಡಿ, ಕಾದಾಗ ಸತುವಿನ ಹೊಗೆ ಬಿಡುತ್ತೆ.

ಇದ್ದಿಲಿಗೆ ತೆಂಗಿನ ಚಿಪ್ಪಿನ ಬ್ರಿಕೆಟ್ ಸಮವಾಗಿ ಉರಿಯುತ್ತೆ. ಚೀಲದಲ್ಲಿ ಬರೋ ಮರದ ಇದ್ದಿಲಿನಲ್ಲಿ ಪುಡಿ ಜಾಸ್ತಿ. ಜರಡಿ ಹಿಡಿಯದೆ ಸುರಿದ್ರೆ ಪುಡಿ ಗಾಳಿದಾರಿ ಕಟ್ಟಿ ಉರಿ ಸಾಯುತ್ತೆ. ಹುಬ್ಳಿಯವರಿರೋ ಟೆಕ್ಸಾಸಿನಲ್ಲಿ ಹೊಗೆಗೆ ಬಳಸೋ ಮೆಸ್ಕೀಟ್ ಮರದ ನಂಟ ಇಲ್ಲೂ ಇದೆ, ನಮ್ಮ ಬಳ್ಳಾರಿ ಜಾಲಿ ಅದೇ ಕುಲದ ಗಿಡ. ಅದರ ಇದ್ದಿಲು ಜೋರು ಶಾಖ ಕೊಡುತ್ತೆ. ಇದ್ದಿಲು ಮಾಡದ ಕಟ್ಟಿಗೆಯ ಹೊಗೆ ಮಾತ್ರ ಖಾರ, ಕೋಳಿಗೆ ಒಂದು ತುಂಡಿಗಿಂತ ಜಾಸ್ತಿ ಹಾಕಬೇಡಿ. ಮೆತ್ತಗಿನ ಹೊಗೆಗೆ ಸೀಬೆ, ಮಾವು, ಕಾಫಿ ಗಿಡದ ಒಣಗಿದ ಕಾಂಡ. ನೀಲಗಿರಿ, ಪೈನು, ಪ್ಲೈವುಡ್ಡು, ಪ್ಯಾಕಿಂಗ್ ಪೆಟ್ಟಿಗೆ ಹಲಗೆ ದೂರವಿಡಿ.

ನೇಪರ್ವಿಲ್_ಮನೆ

18 ಆರ್ಡರ್ ಮಾಡಿದೆ. ಪೆಟ್ಟಿಗೆ ಬಂದ ಮೇಲೆ ಏನು ಪರೀಕ್ಷೆ ಮಾಡಬೇಕು? ಡೆಕ್ ಮೇಲೆ ಇಡಬಹುದಾ?

ಇದ್ದಿಲಪ್ಪ

ಡಬ್ಬಿಯ ನಡುವಿನ ಸಿಲಿಂಡರ್ ಭಾಗ ದುಂಡಗಿದೆಯಾ ನೋಡಿ. ಟೇಪು ಹಿಡಿದು ಬಾಯಿಯ ಅಡ್ಡಳತೆಯನ್ನ ಎರಡು ದಿಕ್ಕಿನಲ್ಲಿ ಅಳೆಯಿರಿ. ಕಾಲಿಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಉದ್ದ ಇರೋ ಕಡೆಯಿಂದ ಎದೆಗೆ ಒತ್ತಿ ಸರಿ ಮಾಡಬಹುದು, ತುಂಬಾ ಇದ್ರೆ ವಾಪಸ್ ಕಳಿಸಿ. ಅಲ್ಯುಮಿನಿಯಂ ಬಾಗಿಲು ಸಾಮಾನ್ಯವಾಗಿ ಸರಿಯಾಗಿ ಕೂರಲ್ಲ. ಡಬ್ಬಿ ಮೇಲೆ ಇಟ್ಟು ಎಲ್ಲಿ ಸಂದಿ ಕಾಣುತ್ತೆ ನೋಡಿ, ಮೊಣಕಾಲ ಮೇಲೆ ಇಟ್ಕೊಂಡು ಸ್ವಲ್ಪಸ್ವಲ್ಪವೇ ಬಗ್ಗಿಸಿ. ಆಮೇಲೂ ಹೊಗೆ ಬಂದ್ರೆ ಶಾಖ ತಡೆಯೋ ನೊಮೆಕ್ಸ್ ಪಟ್ಟಿ ಅಂಟಿಸಿ.

ಹೊಸ ಡಬ್ಬಿ ಮೊದಲ ಕೆಲವು ಸಲ ನೀವು ಬಯಸಿದ್ದಕ್ಕಿಂತ 20-30 ಡಿಗ್ರಿ ಜಾಸ್ತಿಯೇ ಓಡುತ್ತೆ. ಒಳಗೆ ಹೊಳಪು ಇರುತ್ತೆ, ಸಂದಿಗಳಲ್ಲಿ ಇನ್ನೂ ಜಿಡ್ಡು ಕಟ್ಟಿರಲ್ಲ. ಹಾಗಾಗಿ ಮೊದಲು ಮಾಂಸ ಇಲ್ಲದೆ ಒಂದು ಚಿಮ್ನಿ ಇದ್ದಿಲು ಉರಿಸಿ, ಆಮೇಲೆ ಕೊಬ್ಬಿರೋ ಕೋಳಿತೊಡೆಯಿಂದ ಶುರು ಮಾಡಿ. ಮೇಕೆ ಭುಜ ಮೂರನೇ ನಾಲ್ಕನೇ ಸಲಕ್ಕೆ ಇರಲಿ.

ಮುಚ್ಚಳದ ಮೀಟರಿಗೂ ಜಾಲರಿಯ ಶಾಖಕ್ಕೂ 10-25 ಡಿಗ್ರಿ ವ್ಯತ್ಯಾಸ ಬರುತ್ತೆ. 500ರಲ್ಲಿ ಉಳಿದ ದುಡ್ಡನ್ನ ಎರಡು ತಂತಿಯ ಡಿಜಿಟಲ್ ಥರ್ಮಾಮೀಟರಿಗೆ ಹಾಕಿ: ಒಂದು ಜಾಲರಿಗೆ, ಒಂದು ಮಾಂಸಕ್ಕೆ. ತಂತಿ ಒಳಗೆ ಬಿಡೋಕೆ ಪಕ್ಕದಲ್ಲಿ ರಬ್ಬರಿನ ತೂತು ಇರುತ್ತೆ, ಮುಚ್ಚಳದ ಅಂಚಿನಿಂದ ತೂರಿಸಬೇಡಿ.

ಮರದ ಡೆಕ್ ಮೇಲೆ ಬೇಡ, ಕಾಂಕ್ರೀಟ್ ಇದೆಯಲ್ಲ. ಅಮೆರಿಕದ ಫೈರ್ ಕೋಡು ಅಪಾರ್ಟ್‌ಮೆಂಟಿಗೆ ಹೇಳೋ 10 ಅಡಿ ದೂರ ಒಂಟಿ ಮನೆಗೆ ಕಡ್ಡಾಯ ಅಲ್ಲದಿದ್ರೂ ನಿಮ್ಮ ಗೋಡೆಯ ವಿನೈಲ್ ಹಲಗೆಗೆ ಅದು ಗೊತ್ತಿರಲ್ಲ, ಶಾಖಕ್ಕೆ ಸೊಟ್ಟಗಾಗುತ್ತೆ. ಮಳೆ ಬಂತು ಅಂತ ಗ್ಯಾರೇಜಿನೊಳಗೆ ಎಳೀಬೇಡಿ, ಬಾಗಿಲು ತೆರೆದಿದ್ರೂ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ಮುಗಿದ ಮೇಲೆ ಎಲ್ಲ ವೆಂಟ್ ಮುಚ್ಚಿ ಬಿಡಿ, ಉಳಿದ ಇದ್ದಿಲು ಆರಿ ಮುಂದಿನ ಸಲಕ್ಕೆ ಬರುತ್ತೆ. ಬೂದಿಯನ್ನ ಎರಡು ದಿನ ಕಬ್ಬಿಣದ ಡಬ್ಬಿಯಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ಬೋಗುಣಿಯಲ್ಲಿ ಉಳಿದ ನೀರು-ಕೊಬ್ಬನ್ನ ಮಾತ್ರ ಅವತ್ತೇ, ಸ್ವಲ್ಪ ಆರಿದ ಮೇಲೆ ತೆಗೆದುಬಿಡಿ. ವಾರ ಬಿಟ್ಟು ಮುಚ್ಚಳ ತೆಗೆದ್ರೆ ಬೂಷ್ಟು ಹಿಡಿದಿರುತ್ತೆ, ಜಾಲರಿಗೂ ಹಬ್ಬಿರುತ್ತೆ.

ಹುಬ್ಳಿ_ಟು_ಡಲ್ಲಾಸ್

ಬೂಷ್ಟು ಹಿಡಿದ್ರ ಗಾಬರಿ ಆಗಬ್ಯಾಡ್ರಿ, ತೊಳಿಯಾಕ ಸಾಬಾಣಾನೂ ಹಚ್ಚಬ್ಯಾಡ್ರಿ. ಬೋಗುಣಿ ತೆಗೆದಿಟ್ಟು ಒಂದ್ ಚಿಮ್ನಿ ತುಂಬ ಕೆಂಡ ಹಾಕಿ, ವೆಂಟ್ ಎಲ್ಲಾ ತೆರದು ಒಂದ್ ತಾಸು ಉರಸ್ರಿ, ಆಮ್ಯಾಲ ಬ್ರಷ್ಷಿಲೆ ತಿಕ್ರಿ. ಮುಚ್ಚಳದಾಗಿಂದ ಕರೀ ಹಕ್ಕಳಿ ಉದುರ್ತಾವ, ಬಣ್ಣ ಕಿತ್ತು ಬಂತು ಅಂತ ಎಲ್ಲಾರೂ ಅಂದ್ಕೋತಾರ. ಬಣ್ಣ ಅಲ್ಲ, ಒಣಗಿದ ಹೊಗಿ-ಜಿಡ್ಡು. ಹಳೀ ಪೇಪರ್ ಉಂಡಿ ಮಾಡಿ ಒರಸಿಬಿಡ್ರಿ, ಇಲ್ಲಾಂದ್ರ ಕೋಳಿ ಮ್ಯಾಲ ಬೀಳ್ತದ.